ಹನಿ ರಕ್ತ, ಗೆರೆಯ ಉತ್ತರ

ಮಂಗಳೂರಿನಲ್ಲಿ ಮಳೆಗಾಲದ ಒಂದು ಬೆಳಿಗ್ಗೆ. ಅರ್ಧ ಮೇಲೆದ್ದ ಬಹುಮಹಡಿ ಕಟ್ಟಡದ ಪಕ್ಕ, ಕಾರ್ಮಿಕರ ತಗಡಿನ ಶೆಡ್ಡಿನ ಬಾಗಿಲಲ್ಲಿ ಆರೋಗ್ಯ ಕಾರ್ಯಕರ್ತೆಯೊಬ್ಬರು ಪ್ಲಾಸ್ಟಿಕ್ ಕುರ್ಚಿಯನ್ನೇ ಮೇಜು ಮಾಡಿಕೊಂಡು ಕುಳಿತಿದ್ದರು. ಎದುರಿಗೆ ಎರಡು ದಿನದಿಂದ ಚಳಿಜ್ವರದಲ್ಲಿ ಮಲಗಿ ಎದ್ದ ಹುಡುಗ. ಅವರು ಮೊದಲು ಮಲೇರಿಯಾ ಪರೀಕ್ಷೆಯ ಪೊಟ್ಟಣದ ಮೇಲಿನ ಅವಧಿ ಮುಗಿಯುವ ದಿನಾಂಕ ನೋಡಿದರು. ಆಮೇಲೆ ಅದನ್ನು ಹರಿದು, ಬೆರಳುದ್ದದ ಬಿಳಿ ಪ್ಲಾಸ್ಟಿಕ್ ಪಟ್ಟಿ ಹೊರತೆಗೆದು, ಅದರ ಮೇಲೆ ಪೆನ್ನಿನಲ್ಲಿ ಹೆಸರು ಬರೆದರು. ಹುಡುಗನ ಎಡಗೈಯ ಉಂಗುರ ಬೆರಳನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಅದು ಒಣಗುವವರೆಗೆ ಕಾದು, ಸೂಜಿ ಚುಚ್ಚಿ, ಉಕ್ಕಿದ ರಕ್ತದಲ್ಲಿ ಒಂದಿಷ್ಟನ್ನು ಸಣ್ಣ ಕೊಳವೆಯಲ್ಲಿ ಹೀರಿ ಪಟ್ಟಿಯ ಚಿಕ್ಕ ಕಿಂಡಿಗೆ ಮುಟ್ಟಿಸಿದರು. ಅದು ಸುಮಾರು 5 ಮೈಕ್ರೋಲೀಟರ್, ಅಂದರೆ ಸಾಧಾರಣ ಒಂದು ಹನಿಯ ಹತ್ತನೇ ಒಂದು ಪಾಲು. ಪಕ್ಕದ ಕಿಂಡಿಗೆ ಬಾಟಲಿಯ ದ್ರಾವಣವನ್ನು ಎಣಿಸಿ ಎಣಿಸಿ ತೊಟ್ಟಿಕ್ಕಿಸಿ, ಗಡಿಯಾರ ನೋಡಿ ಹೊತ್ತು ಬರೆದುಕೊಂಡರು.

ಐದು ನಿಮಿಷವೂ ಆಗಿರಲಿಲ್ಲ, ಒಂದು ಕೆಂಪು ಗೆರೆ ಮೂಡಿತು. ಬಗ್ಗಿ ನೋಡುತ್ತಿದ್ದ ಮೇಸ್ತ್ರಿ, "ಗೆರೆ ಬಂತಲ್ಲ ಅಕ್ಕಾ, ಮಾತ್ರೆ ಕೊಟ್ಟುಬಿಡಿ" ಎಂದ. "ಅದು ಪಟ್ಟಿ ಸರಿಯಾಗಿದೆ ಎಂದು ಹೇಳುವ ಗೆರೆ, ಮೇಸ್ತ್ರಿ. ಜ್ವರದ ಗೆರೆಗೆ ಇನ್ನೂ ಹೊತ್ತಿದೆ" ಎಂದರು ಅವರು. ಹೇಳಿದ ಹೊತ್ತು ಪೂರ್ತಿ ತುಂಬಿದ ಮೇಲೆ ಪಟ್ಟಿಯನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಇನ್ನೊಂದು ಗೆರೆ ಕಂಡಿತು. ತೊಳೆದ ಬಟ್ಟೆಯಲ್ಲಿ ಉಳಿದುಹೋದ ಕುಂಕುಮದ ಕಲೆಯಷ್ಟು ತಿಳಿಯಾಗಿತ್ತು. ಅಷ್ಟು ಸಾಕು. ವೈವ್ಯಾಕ್ಸ್ ಎಂಬ ಬಗೆಯ ಮಲೇರಿಯಾ.

ಗೆರೆ ಯಾವ ಜಾಗದಲ್ಲಿ ಮೂಡಿತು ಎನ್ನುವುದರ ಮೇಲೆ ಮಾತ್ರೆ ನಿರ್ಧಾರವಾಗುತ್ತದೆ. ವೈವ್ಯಾಕ್ಸ್ ಆದರೆ ಮೂರು ದಿನ ಕ್ಲೋರೋಕ್ವಿನ್, ಜೊತೆಗೆ ಯಕೃತ್ತಿನಲ್ಲಿ ಅಡಗಿ ಕುಳಿತ ಪರಾವಲಂಬಿಯನ್ನು ಹೊರಹಾಕಲು 14 ದಿನ ಪ್ರೈಮಾಕ್ವಿನ್. ಫಾಲ್ಸಿಪಾರಮ್ ಎಂಬ ಇನ್ನೊಂದು ಬಗೆಯದಾದರೆ ಔಷಧವೇ ಬೇರೆ, ಅವಸರವೂ ಬೇರೆ. ಅದು ಮಿದುಳಿಗೇರಿ ಕೊಲ್ಲಬಲ್ಲದು. ಈ ಭೇದವನ್ನು ಹಣೆ ಮುಟ್ಟಿ ನೋಡಿ ಹೇಳಲು ಯಾವ ವೈದ್ಯರಿಗೂ ಆಗುವುದಿಲ್ಲ.

ಹಿಂದೆ ಏನಾಗುತ್ತಿತ್ತು ಎಂದರೆ, ಜ್ವರ ಬಂದವರ ಬೆರಳು ಚುಚ್ಚಿ ಗಾಜಿನ ಸ್ಲೈಡಿನ ಮೇಲೆ ರಕ್ತ ಬಳಿದು, ಮಲೇರಿಯಾ ಇರಬಹುದು ಎಂದುಕೊಂಡು ಕೈಗೆ ಕ್ಲೋರೋಕ್ವಿನ್ ಇಟ್ಟು ಕಳಿಸುತ್ತಿದ್ದರು. ಸ್ಲೈಡು ಪ್ರಾಥಮಿಕ ಆರೋಗ್ಯ ಕೇಂದ್ರ ತಲುಪಿ, ಸರದಿಯಲ್ಲಿ ಕಾದು, ತಂತ್ರಜ್ಞರು ಸೂಕ್ಷ್ಮದರ್ಶಕದಲ್ಲಿ ನೋಡಿ ಫಲಿತಾಂಶ ಬರೆಯುವಷ್ಟರಲ್ಲಿ ರೋಗಿ ಒಂದೋ ವಾಸಿಯಾಗಿರುತ್ತಿದ್ದ, ಇಲ್ಲವೇ ಬೇರೆ ಊರಿಗೆ ಕೂಲಿಗೆ ಹೋಗಿರುತ್ತಿದ್ದ. ವರದಿ ಸರಿಯಾಗಿಯೇ ಇರುತ್ತಿತ್ತು, ಆದರೆ ಅದನ್ನು ಕೊಡಲು ಮನುಷ್ಯ ಸಿಗುತ್ತಿರಲಿಲ್ಲ. ಮಲೇರಿಯಾ ಶಂಕೆ ಇರುವ ಪ್ರತಿಯೊಬ್ಬರನ್ನೂ ಮೊದಲು ಪರೀಕ್ಷಿಸಿ, ಆಮೇಲೆ ಔಷಧ ಕೊಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಹೇಳಿತು. ಹಾಗೆ ಹೇಳುವ ಧೈರ್ಯ ಬಂದದ್ದು ಈ ಪಟ್ಟಿಯಿಂದ. ಅದಿಲ್ಲದಿದ್ದರೆ ಸೂಕ್ಷ್ಮದರ್ಶಕವಿಲ್ಲದ ಹಳ್ಳಿಗೆ ಆ ಮಾತು ಬರೀ ಉಪದೇಶವಾಗುತ್ತಿತ್ತು.

ಅಗ್ಗದ, ಕೈಚೀಲದಲ್ಲಿ ಒಯ್ಯಬಹುದಾದ ಪರೀಕ್ಷೆಗಳ ಬಗ್ಗೆ ಮಾತಾಡುವಾಗ ಎಲ್ಲರ ಕಣ್ಣೂ ಬೆಲೆ ಮತ್ತು ಗಾತ್ರದ ಮೇಲೇ ಇರುತ್ತದೆ. ನನ್ನ ಲೆಕ್ಕದಲ್ಲಿ ಅಳೆಯಬೇಕಾದ್ದು ಬೇರೆ: ಚುಚ್ಚಿದ ಬೆರಳಿಗೂ ಬಾಯಿಗೆ ಬೀಳುವ ಮಾತ್ರೆಗೂ ನಡುವಿನ ಹೊತ್ತು.

ಈಗ ಪಟ್ಟಿಯ ಒಳಗೆ ಇಣುಕೋಣ. ಪ್ಲಾಸ್ಟಿಕ್ ಹೊದಿಕೆ ಒಡೆದರೆ ಸಿಗುವುದು ನೈಟ್ರೋಸೆಲ್ಯುಲೋಸ್ ಎಂಬ ಬಿಳಿ ಹಾಳೆಯ ತೆಳು ಪಟ್ಟಿ. ದೀಪದ ಬತ್ತಿ ಎಣ್ಣೆಯನ್ನು ತಾನೇ ಮೇಲೆಳೆದುಕೊಳ್ಳುವ ಹಾಗೆ ಇದು ದ್ರವವನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಎಳೆದುಕೊಳ್ಳುತ್ತದೆ. ಪಂಪು ಬೇಡ, ಬ್ಯಾಟರಿ ಬೇಡ. ರಕ್ತ ದ್ರಾವಣದಲ್ಲಿ ಬೆರೆತು ಹರಿಯುವ ದಾರಿಯಲ್ಲಿ ಮೊದಲು ಸಿಗುವುದು ಒಣಗಿಸಿಟ್ಟ ಪ್ರತಿಕಾಯಗಳು. ಮಲೇರಿಯಾ ಪರಾವಲಂಬಿ ರಕ್ತಕ್ಕೆ ಬಿಡುವ ನಿರ್ದಿಷ್ಟ ಪ್ರೋಟೀನನ್ನು ಮಾತ್ರ ಹಿಡಿದುಕೊಳ್ಳುವ ಅಣುಗಳು ಅವು. ಪ್ರತಿಯೊಂದಕ್ಕೂ ಚಿನ್ನದ ಅತಿ ಸೂಕ್ಷ್ಮ ಕಣ ಅಂಟಿಸಿರುತ್ತಾರೆ. ಹೌದು, ಚಿನ್ನವೇ. ಆ ಲೋಹವನ್ನು ಮಿಲಿಮೀಟರಿನ ಲಕ್ಷದಲ್ಲಿ ಕೆಲವು ಪಾಲಿನಷ್ಟು ಸಣ್ಣ ಮಾಡಿದರೆ ಹಳದಿ ಹೋಗಿ ಕೆಂಪಾಗಿ ಕಾಣುತ್ತದೆ. ಗೆರೆಯ ಕೆಂಪು ರಕ್ತದ್ದಲ್ಲ, ಚಿನ್ನದ್ದು.

ರಕ್ತದಲ್ಲಿ ಆ ಪ್ರೋಟೀನ್ ಇದ್ದರೆ ಚಿನ್ನ ಹೊತ್ತ ಪ್ರತಿಕಾಯ ಅದರ ಒಂದು ಕೈ ಹಿಡಿದು ಮುಂದೆ ಸಾಗುತ್ತದೆ. ಮುಂದೆ, ಗೆರೆ ಮೂಡಬೇಕಾದ ಜಾಗದಲ್ಲಿ, ಹಾಳೆಗೆ ಭದ್ರವಾಗಿ ಅಂಟಿಸಿದ ಇನ್ನೊಂದು ಪ್ರತಿಕಾಯದ ಸಾಲು ಕಾದಿರುತ್ತದೆ. ಅದು ಪ್ರೋಟೀನಿನ ಇನ್ನೊಂದು ಕೈ ಹಿಡಿದು ನಿಲ್ಲಿಸುತ್ತದೆ. ಹಾಗೆ ನಿಂತವರ ಗುಂಪು ದಟ್ಟವಾದಂತೆ ಚಿನ್ನದ ಕಣಗಳು ಸಾಲುಗಟ್ಟಿ ಕಣ್ಣಿಗೆ ಗೆರೆಯಾಗುತ್ತವೆ. ಪ್ರೋಟೀನ್ ಇಲ್ಲದಿದ್ದರೆ ಚಿನ್ನ ಹೊತ್ತವು ಅಲ್ಲಿ ನಿಲ್ಲದೆ ಮುಂದೆ ಹೋಗುತ್ತವೆ. ಕೊನೆಯಲ್ಲಿರುವ ನಿಯಂತ್ರಣ ಗೆರೆ ಅವನ್ನೇ ನೇರವಾಗಿ ಹಿಡಿಯುತ್ತದೆ. ಮೇಸ್ತ್ರಿ ನೋಡಿದ್ದು ಆ ಗೆರೆಯನ್ನು. ಅದು ಮೂಡದಿದ್ದರೆ ದ್ರವ ಸರಿಯಾಗಿ ಹರಿದಿಲ್ಲ ಅಥವಾ ಪ್ರತಿಕಾಯ ಕೆಟ್ಟಿದೆ ಎಂದರ್ಥ. ಆಗ ಪಟ್ಟಿ ಏನು ಹೇಳಿದರೂ ನಂಬದೆ ಬಿಸಾಡಬೇಕು.

ಇದೇ ಯುಕ್ತಿ ಮನೆಯಲ್ಲಿ ಮಾಡುವ ಗರ್ಭ ಪರೀಕ್ಷೆಯಲ್ಲೂ ಇದೆ. 1988ರಲ್ಲಿ ಒಂದೇ ಹಂತದ ಗರ್ಭ ಪರೀಕ್ಷೆಯ ಕಡ್ಡಿ ಮಾರುಕಟ್ಟೆಗೆ ಬಂದ ಮೇಲೆ ಈ ತಂತ್ರ ಮನೆಮಾತಾಯಿತು. ಎಚ್‌ಐವಿ ತಪಾಸಣೆ, ಡೆಂಗಿ ಪರೀಕ್ಷೆ, ಕೋವಿಡ್ ಕಾಲದಲ್ಲಿ ಮೂಗಿಗೆ ಕಡ್ಡಿ ತೂರಿಸಿ ಮಾಡಿದ ರ‍್ಯಾಪಿಡ್ ಪರೀಕ್ಷೆ ಎಲ್ಲವೂ ಇದರ ಬಳಗವೇ. ಆದರೆ ನೋಡಲು ಒಂದೇ ಥರ ಇರುವ ಎರಡು ಪಟ್ಟಿಗಳು ಕೇಳುವ ಪ್ರಶ್ನೆ ಬೇರೆ ಬೇರೆ ಇರಬಹುದು, ಎಡವುವುದೂ ಇಲ್ಲಿಯೇ.

ಕೆಲವು ಪಟ್ಟಿಗಳು ರೋಗಾಣುವಿನ ತುಣುಕನ್ನೇ ಹುಡುಕುತ್ತವೆ: ಕಳ್ಳ ಈಗ ಮನೆಯೊಳಗಿದ್ದಾನೆಯೇ? ಇನ್ನು ಕೆಲವು ರೋಗಾಣುವಿನ ವಿರುದ್ಧ ನಮ್ಮ ದೇಹ ತಯಾರಿಸಿದ ಪ್ರತಿಕಾಯವನ್ನು ಹುಡುಕುತ್ತವೆ: ಕಳ್ಳ ಎಂದಾದರೂ ಬಂದಿದ್ದನೇ? ಎರಡನೆಯ ಉತ್ತರ ಬರಲು ದೇಹಕ್ಕೆ ಕೆಲವು ದಿನಗಳು ಬೇಕು, ಮತ್ತು ಕಳ್ಳ ಹೋದ ಮೇಲೂ ಆ ಉತ್ತರ ಉಳಿದಿರುತ್ತದೆ. 2020ರ ಏಪ್ರಿಲ್‌ನಲ್ಲಿ ದೇಶಕ್ಕೆ ತರಿಸಿದ ಕೋವಿಡ್ ಪ್ರತಿಕಾಯ ಕಿಟ್‌ಗಳ ಫಲಿತಾಂಶ ಒಂದಕ್ಕೊಂದು ಹೊಂದದೆ, ಅವನ್ನು ಬಳಸಬೇಡಿ ಎಂದು ದೇಶದ ವೈದ್ಯಕೀಯ ಸಂಶೋಧನಾ ಮಂಡಳಿಯಾದ ಐಸಿಎಂಆರ್ ರಾಜ್ಯಗಳಿಗೆ ಹೇಳಬೇಕಾಯಿತು. ಅದಕ್ಕೂ ಮುಂಚೆ ಕ್ಷಯದಲ್ಲಿ ಇದಕ್ಕಿಂತ ದೊಡ್ಡ ಪಾಠವಾಗಿತ್ತು. ರಕ್ತದಲ್ಲಿ ಪ್ರತಿಕಾಯ ನೋಡಿ ಕ್ಷಯ ಹೇಳುತ್ತೇವೆ ಎನ್ನುವ ಪರೀಕ್ಷೆಗಳು ಖಾಸಗಿ ಲ್ಯಾಬುಗಳಲ್ಲಿ ಭರ್ಜರಿಯಾಗಿ ನಡೆಯುತ್ತಿದ್ದವು. ಕ್ಷಯವಿಲ್ಲದವರು ತಿಂಗಳುಗಟ್ಟಲೆ ಕ್ಷಯದ ಮಾತ್ರೆ ನುಂಗುವುದು, ಇದ್ದವರು ನಿಶ್ಚಿಂತೆಯಿಂದ ಕೆಮ್ಮುತ್ತ ಓಡಾಡುವುದು ಎರಡಕ್ಕೂ ಅವು ದಾರಿ ಮಾಡಿಕೊಟ್ಟವು. ಅವು ಬೇಡವೇ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಹೇಳಿತು. ಭಾರತ ಸರ್ಕಾರ 2012ರಲ್ಲಿ ನಿಷೇಧಿಸಿತು. ಸುಳ್ಳು ಹೇಳುವ ಪರೀಕ್ಷೆ ಪುಕ್ಕಟೆ ಸಿಕ್ಕರೂ ದುಬಾರಿಯೇ.

ಒಳ್ಳೆಯ ಪಟ್ಟಿಯೂ ತಪ್ಪುವುದುಂಟು. ಗೆರೆ ಕಣ್ಣಿಗೆ ಕಾಣುವಷ್ಟು ದಟ್ಟವಾಗಲು ಒಂದು ಮೈಕ್ರೋಲೀಟರ್ ರಕ್ತದಲ್ಲಿ ನೂರು, ಇನ್ನೂರು ಪರಾವಲಂಬಿಗಳಾದರೂ ಇರಬೇಕಾಗುತ್ತದೆ. ಅದಕ್ಕಿಂತ ಕಡಿಮೆ ಇದ್ದರೆ ಪಟ್ಟಿ ಸುಮ್ಮನಿರಬಹುದು. ಇನ್ನು ಫಾಲ್ಸಿಪಾರಮ್ ಪತ್ತೆಗೆ ಬಳಸುವ ಎಚ್‌ಆರ್‌ಪಿ2 ಎಂಬ ಪ್ರೋಟೀನ್ ರೋಗ ವಾಸಿಯಾದ ಮೇಲೂ ವಾರಗಟ್ಟಲೆ ರಕ್ತದಲ್ಲಿ ಉಳಿಯುತ್ತದೆ. ಮೊನ್ನೆ ಮಲೇರಿಯಾ ಕಳೆದವನಿಗೆ ಇಂದು ಬೇರೆ ಜ್ವರ ಬಂದರೂ ಪಟ್ಟಿ ಹಳೆಯ ಕಥೆಯನ್ನೇ ಹೇಳುತ್ತದೆ. ಇದಕ್ಕಿಂತ ಕುತೂಹಲದ ಸಂಗತಿ 2010ರಲ್ಲಿ ಪೆರು ದೇಶದಿಂದ ವರದಿಯಾಯಿತು: ಅಮೆಜಾನ್ ಕಾಡಿನ ಕೆಲವು ಫಾಲ್ಸಿಪಾರಮ್ ತಳಿಗಳಲ್ಲಿ ಆ ಪ್ರೋಟೀನಿನ ಜೀನ್ ಅಳಿಸಿಹೋಗಿತ್ತು. ಪಟ್ಟಿ ಹುಡುಕುವ ಗುರುತನ್ನೇ ಕಳೆದುಕೊಂಡ ಪರಾವಲಂಬಿ ಪಟ್ಟಿಯ ಕಣ್ಣಿಗೆ ಬೀಳುವುದಾದರೂ ಹೇಗೆ? ಆಫ್ರಿಕಾದ ಎರಿಟ್ರಿಯಾದಲ್ಲಿ ಇಂಥ ತಳಿಗಳು ಎಷ್ಟು ಹೆಚ್ಚಿದವೆಂದರೆ 2016ರಲ್ಲಿ ಆ ದೇಶ ಪಟ್ಟಿಯನ್ನೇ ಬದಲಿಸಿತು. ಪಟ್ಟಿಯಲ್ಲಿ ಬೇರೆ ಬೇರೆ ಪ್ರೋಟೀನ್ ಹುಡುಕುವ ಗೆರೆಗಳಿದ್ದರೆ ಒಂದು ತಪ್ಪಿದಲ್ಲಿ ಇನ್ನೊಂದು ಹಿಡಿಯುವ ಆಸೆ ಇರುತ್ತದೆ.

ಇನ್ನು ಲೆಕ್ಕದ ಮಾತು. ಓದುಗರು ಇಲ್ಲಿ ಸ್ವಲ್ಪ ತಾಳ್ಮೆ ತಂದುಕೊಳ್ಳಬೇಕು, ಏಕೆಂದರೆ ವೈದ್ಯರೂ ಜಾರುವ ಜಾಗ ಇದು. ಪರೀಕ್ಷೆಗೆ ಎರಡು ಗುಣ ಬೇಕು: ರೋಗ ಇದ್ದವರನ್ನು ಬಿಡದೆ ಹಿಡಿಯುವುದು, ಇಲ್ಲದವರ ಮೇಲೆ ಸುಳ್ಳು ಆರೋಪ ಹೊರಿಸದಿರುವುದು. ಎರಡರಲ್ಲೂ ನೂರಕ್ಕೆ 95 ಅಂಕ ಪಡೆದ ಪಟ್ಟಿಯೊಂದಿದೆ ಎಂದುಕೊಳ್ಳಿ. ಜ್ವರ ಹಬ್ಬಿದ ಊರೊಂದರಲ್ಲಿ 1,000 ಜನರನ್ನು ಪರೀಕ್ಷಿಸಿದರೆ ಅವರಲ್ಲಿ 200 ಮಂದಿಗೆ ನಿಜವಾಗಿ ರೋಗವಿದೆ ಎನ್ನೋಣ. ಪಟ್ಟಿ ಅವರಲ್ಲಿ 190 ಜನರನ್ನು ಹಿಡಿಯುತ್ತದೆ. ಉಳಿದ 800 ಆರೋಗ್ಯವಂತರಲ್ಲಿ 40 ಜನರ ಮೇಲೆ ಸುಳ್ಳು ಗೆರೆ ಎಳೆಯುತ್ತದೆ. ಗೆರೆ ಬಂದ 230 ಮಂದಿಯಲ್ಲಿ 190 ನಿಜ. ಚೆನ್ನಾಗಿಯೇ ಇದೆ. ಅದೇ ಪೆಟ್ಟಿಗೆಯ ಪಟ್ಟಿಗಳನ್ನು ರೋಗ ವಿರಳವಾದ ಊರಿಗೆ ಒಯ್ಯಿರಿ. ಅಲ್ಲಿ 1,000 ಜನರಲ್ಲಿ ರೋಗ ಇರುವುದು 20 ಮಂದಿಗೆ ಮಾತ್ರ. ಪಟ್ಟಿ 19 ಜನರನ್ನು ಹಿಡಿದು, ಆರೋಗ್ಯವಂತ 980 ಜನರಲ್ಲಿ 49 ಮಂದಿಗೂ ಗೆರೆ ತೋರಿಸುತ್ತದೆ. ಈಗ ಗೆರೆ ಬಂದ 68 ಜನರಲ್ಲಿ ನಿಜವಾದ ರೋಗಿಗಳು ಮೂರನೇ ಒಂದು ಭಾಗವೂ ಇಲ್ಲ! ಪಟ್ಟಿ ಬದಲಾಗಿಲ್ಲ, ಊರು ಬದಲಾಗಿದೆ. ರೋಗ ಕಡಿಮೆಯಾದಂತೆಲ್ಲ ಎರಡನೆಯ, ಬೇರೆ ಬಗೆಯ ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಬೇಕು ಎನ್ನುವುದು ಇದಕ್ಕೇ. ಎಚ್‌ಐವಿ ತಪಾಸಣೆಯಲ್ಲಿ ಒಂದು ಪಟ್ಟಿಯ ಮಾತನ್ನೇ ನಂಬಿ ಯಾರಿಗೂ ರೋಗವಿದೆ ಎಂದು ಹೇಳದಿರುವುದಕ್ಕೂ ಇದೇ ಕಾರಣ.

ಕೆಂಪು ರಕ್ತಕಣಗಳು ಕುಡಗೋಲಿನಂತೆ ಬಾಗುವ ಆನುವಂಶಿಕ ಕಾಯಿಲೆಯಾದ ಕುಡಗೋಲು ಕಣ ರೋಗದ (ಸಿಕಲ್ ಸೆಲ್) ತಪಾಸಣೆಯಲ್ಲಿ ಇನ್ನೂ ಸರಳವಾದ, ನೋಡಲು ಚೆಂದವಾದ ಒಂದು ಪರೀಕ್ಷೆಯಿದೆ. ದ್ರಾವಣ ತುಂಬಿದ ಗಾಜಿನ ನಳಿಗೆಗೆ ರಕ್ತದ ಹನಿ ಬೆರೆಸಿ, ಹಿಂದೆ ಕಪ್ಪು ಗೆರೆ ಎಳೆದ ಕಾಗದ ಹಿಡಿಯುತ್ತಾರೆ. ಗೆರೆ ಸ್ಪಷ್ಟವಾಗಿ ಕಂಡರೆ ಪರವಾಗಿಲ್ಲ. ದ್ರಾವಣ ಮಂಜುಗಟ್ಟಿ ಗೆರೆ ಮುಚ್ಚಿಹೋದರೆ ದೋಷವುಳ್ಳ ಹಿಮೋಗ್ಲೋಬಿನ್ ಇದೆ. ಖರ್ಚು ತೀರಾ ಕಡಿಮೆ. ಆದರೆ ತಂದೆ ಅಥವಾ ತಾಯಿ ಒಬ್ಬರಿಂದ ಮಾತ್ರ ಆ ಜೀನ್ ಪಡೆದು ಆರೋಗ್ಯವಾಗಿರುವವರಿಗೂ, ಇಬ್ಬರಿಂದಲೂ ಪಡೆದು ರೋಗದಿಂದ ನರಳುವವರಿಗೂ ಅದು ಭೇದ ಮಾಡುವುದಿಲ್ಲ. ಹಸುಳೆಗಳಲ್ಲಂತೂ ಕೆಲಸವೇ ಮಾಡದು. ಭೇದ ಮಾಡಬಲ್ಲ ಪಟ್ಟಿಗಳು ಈಗ ಬಂದಿವೆ. 2023ರ ಜುಲೈನಲ್ಲಿ ಶುರುವಾದ ರಾಷ್ಟ್ರೀಯ ಅಭಿಯಾನದ ವ್ಯಾಪ್ತಿಯಲ್ಲಿ ಕರ್ನಾಟಕವೂ ಇರುವುದರಿಂದ, ನಮ್ಮ ಕಾಡಂಚಿನ ಹಾಡಿಗಳಿಗೆ ಇದು ದೂರದ ಸುದ್ದಿಯಲ್ಲ.

ಎಲ್ಲ ರೋಗಕ್ಕೂ ಪಟ್ಟಿ ಸಾಲುವುದಿಲ್ಲ. ರೋಗಾಣು ತೀರಾ ಕಡಿಮೆ ಇದ್ದಾಗ, ಅಥವಾ ಅದು ಔಷಧಕ್ಕೆ ಬಗ್ಗುವುದೇ ಎಂದು ತಿಳಿಯಬೇಕಾದಾಗ, ಅದರ ಜೀನನ್ನೇ ಓದಬೇಕು. ಪಿಸಿಆರ್ ಮಾಡುವುದು ಅದನ್ನೇ: ಬಿಸಿ ಮಾಡಿ ಡಿಎನ್‌ಎಯ ಎರಡು ಎಳೆ ಬಿಡಿಸುವುದು, ತಣಿಸಿ ಪ್ರತಿ ಎಳೆಗೂ ಹೊಸ ಜೋಡಿ ಕಟ್ಟುವುದು, ಮತ್ತೆ ಬಿಸಿ, ಮತ್ತೆ ತಣಿಸುವುದು. ಪ್ರತಿ ಸುತ್ತಿಗೂ ಪ್ರತಿಗಳು ಇಮ್ಮಡಿ. ಒಂದೇ ಒಂದು ತುಣುಕಿನಿಂದ ಶುರುಮಾಡಿದರೂ 30 ಸುತ್ತು ಮುಗಿಯುವಾಗ ನೂರು ಕೋಟಿ ದಾಟಿರುತ್ತದೆ. ಕೇಳಲು ಸುಲಭ, ಆದರೆ ಹಳೆಯ ಪದ್ಧತಿಯಲ್ಲಿ ಇದಕ್ಕೆ ಬೇರೆ ಬೇರೆ ಕೋಣೆ, ಶೈತ್ಯಾಗಾರ, ತರಬೇತಾದ ಕೈಗಳು ಬೇಕು. ಕ್ಷಯಕ್ಕಾಗಿ 2010ರ ಡಿಸೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ ಜೀನ್‌ಎಕ್ಸ್‌ಪರ್ಟ್ ಈ ಕೋಣೆಗಳನ್ನೆಲ್ಲ ಒಂದು ಕಾರ್ಟ್ರಿಜ್ಜಿನೊಳಗೆ ಮಡಚಿಟ್ಟಿತು. ಸುಮಾರು ಎರಡು ಗಂಟೆಯಲ್ಲಿ ಕ್ಷಯವನ್ನೂ ರಿಫಾಂಪಿಸಿನ್ ಎಂಬ ಮುಖ್ಯ ಔಷಧಕ್ಕೆ ಬಗ್ಗದ ಕ್ಷಯವನ್ನೂ ಹೇಳತೊಡಗಿತು. ಆದರೂ ಅದು ಕಾಯಂ ವಿದ್ಯುತ್ತು ಕೇಳುವ, ಬಿಸಿಲಿಗೂ ದೂಳಿಗೂ ಸೊರಗುವ ಯಂತ್ರ. ತಾಲ್ಲೂಕು ಆಸ್ಪತ್ರೆಯಲ್ಲಿ ಅದು ಸರಿಹೋಯಿತು, ಹಳ್ಳಿಗೆ ಇಳಿಯಲಿಲ್ಲ.

ಇಳಿದದ್ದು ಟ್ರೂನ್ಯಾಟ್. ಗೋವಾದ ಮೋಲ್ಬಯೋ ಕಂಪನಿ ತಯಾರಿಸುವ ಈ ಯಂತ್ರದ ಹಿಂದಿನ ಸಂಶೋಧನೆ ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಾಲಯದ್ದು. ಬ್ಯಾಟರಿಯಿಂದ ನಡೆಯುತ್ತದೆ, ಪೆಟ್ಟಿಗೆಯಲ್ಲಿಟ್ಟು ಒಯ್ಯಬಹುದು. ಮೊದಲೊಂದು ಪುಟ್ಟ ಯಂತ್ರ ಕಫದಿಂದಲೋ ಗಂಟಲ ದ್ರವದಿಂದಲೋ ಜೀನನ್ನು ಬೇರ್ಪಡಿಸುತ್ತದೆ. ಆಮೇಲೆ ಪುಟ್ಟ ಎಲೆಕ್ಟ್ರಾನಿಕ್ ಚಿಪ್ ಮೇಲೆ ಪಿಸಿಆರ್ ನಡೆಯುತ್ತದೆ. ಎಲ್ಲ ಸೇರಿ ಒಂದು ಗಂಟೆಯ ಆಸುಪಾಸು. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಕ್ಷಯಕ್ಕೆ 2020ರಲ್ಲಿ ಶಿಫಾರಸು ಮಾಡಿತು. ಅದೇ ವರ್ಷ ಕೋವಿಡ್ ಬಂದು ದೇಶದ ಮೂಲೆಮೂಲೆಗೆ ಈ ಪೆಟ್ಟಿಗೆ ತಲುಪಿತು.

ಮಲೆನಾಡಿನವರಿಗೆ ಇದು ಹತ್ತಿರವಾಗುವುದು ಇನ್ನೊಂದು ಕಾರಣಕ್ಕೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆಗೆ ಇಂದಿಗೂ ನಿರ್ದಿಷ್ಟ ಔಷಧವಿಲ್ಲ. ತರಗೆಲೆ ತರಲು ಕಾಡಿಗೆ ಹೋದವರಿಗೆ ಉಣುಗು ಕಚ್ಚಿ ಬರುವ ಈ ಜ್ವರ ಮೊದಲ ದಿನಗಳಲ್ಲಿ ಡೆಂಗಿಯ ಹಾಗೆಯೇ ಕಾಣುತ್ತದೆ. ವೈರಸ್ ಅಪಾಯಕಾರಿಯಾದ್ದರಿಂದ ಅದನ್ನು ಬೆಳೆಸಿ ನೋಡುವ ಕೆಲಸ ಎಲ್ಲ ಲ್ಯಾಬಿನಲ್ಲೂ ಸಾಧ್ಯವಿಲ್ಲ. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ಕಡೆ ಮುಖ ಮಾಡಿ ಕಾದ ವರ್ಷಗಳು ಹಲವು. ಅದೇ ಸಂಸ್ಥೆ ಮಂಗನ ಕಾಯಿಲೆಗೂ ಬ್ಯಾಟರಿಯ ಪಿಸಿಆರ್ ಯಂತ್ರದಲ್ಲಿ ನಡೆಯುವ ಪರೀಕ್ಷೆ ಸಿದ್ಧಪಡಿಸಿತು, 2020ರ ಜುಲೈನಲ್ಲಿ ಸುದ್ದಿಯಾಯಿತು. ಔಷಧವೇ ಇಲ್ಲದ ಮೇಲೆ ಬೇಗ ತಿಳಿದು ಏನು ಪ್ರಯೋಜನ ಎಂದು ಕೇಳಬಹುದು. ರಕ್ತಸ್ರಾವ ಶುರುವಾಗುವ ಮೊದಲೇ ರೋಗಿಯನ್ನು ಆಸ್ಪತ್ರೆಗೆ ಸೇರಿಸಿ ಕಣ್ಣಿಟ್ಟು ನೋಡಿಕೊಳ್ಳಬಹುದು, ಅದೇ ಕಾಡಿಗೆ ಹೋಗುವ ನೆರೆಮನೆಯವರನ್ನು ಅದೇ ದಿನ ಎಚ್ಚರಿಸಬಹುದು.

ಸಕ್ಕರೆ ಕಾಯಿಲೆಯ ಗ್ಲುಕೋಮೀಟರ್ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಜಗತ್ತಿನಲ್ಲಿ ಅತಿ ಹೆಚ್ಚು ಗೆದ್ದ ಕೈಚೀಲದ ಪರೀಕ್ಷೆ ಅದೇ. ಆದರೆ ಯಂತ್ರವನ್ನು ಅಗ್ಗಕ್ಕೆ, ಕೆಲವೊಮ್ಮೆ ಪುಕ್ಕಟೆ ಕೊಟ್ಟು, ಜೀವನಪೂರ್ತಿ ಪಟ್ಟಿಗೆ ಹಣ ಕೀಳುವ ವ್ಯಾಪಾರವನ್ನೂ ಅದು ಕಲಿಸಿತು. ಒಂದು ಕಂಪನಿಯ ಪಟ್ಟಿ ಇನ್ನೊಂದರ ಯಂತ್ರಕ್ಕೆ ಹೊಂದುವುದಿಲ್ಲ. ಜೀನ್‌ಎಕ್ಸ್‌ಪರ್ಟ್ ಕಾರ್ಟ್ರಿಜ್ಜಿನ ಕಥೆಯೂ ಅಂಥದೇ: ವರ್ಷಗಳ ಕಾಲ ಸುಮಾರು 10 ಡಾಲರಿನಲ್ಲೇ ನಿಂತಿದ್ದ ಕ್ಷಯ ಪರೀಕ್ಷೆಯ ಬೆಲೆ, ಜಗತ್ತಿನಾದ್ಯಂತ ಗಲಾಟೆಯಾದ ಮೇಲೆ, 2023ರಲ್ಲಿ 8 ಡಾಲರಿನ ಹತ್ತಿರಕ್ಕೆ ಇಳಿಯಿತು. ಯಂತ್ರದ ಬೆಲೆ ಕೇಳಿ ಖುಷಿಪಡುವ ಮುನ್ನ, ಪ್ರತಿ ಪರೀಕ್ಷೆಗೆ ಎಷ್ಟು ಎಂದು ಕೇಳುವುದು ಒಳ್ಳೆಯದು.

ಅತಿ ಅಗ್ಗದ ಕಡೆಯಿಂದ ಬಂದ ಉಪಾಯಗಳಲ್ಲಿ ನನಗೆ ಮೆಚ್ಚಿಗೆಯಾದದ್ದು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿಜ್ಞಾನಿ ಮನು ಪ್ರಕಾಶ್ ತಂಡದ್ದು. ಉಗಾಂಡಾದ ಒಂದು ಆರೋಗ್ಯ ಕೇಂದ್ರದಲ್ಲಿ ರಕ್ತ ಬೇರ್ಪಡಿಸುವ ಯಂತ್ರವನ್ನು, ವಿದ್ಯುತ್ ಇಲ್ಲದ್ದರಿಂದ, ಬಾಗಿಲು ಮುಚ್ಚದಂತೆ ಒತ್ತಾಗಿ ಇಟ್ಟಿದ್ದನ್ನು ಅವರು ನೋಡಿದ್ದರು. ನಾವೆಲ್ಲ ಚಿಕ್ಕಂದಿನಲ್ಲಿ ಅಂಗಿಯ ಗುಂಡಿಗೆ ದಾರ ಪೋಣಿಸಿ, ಎರಡು ಕೈಯಲ್ಲಿ ಎಳೆದು ಬಿಟ್ಟು ಗುಂಯ್ಯೆಂದು ತಿರುಗಿಸುತ್ತಿದ್ದೆವಲ್ಲ, ಅದೇ ಆಟಿಕೆಯನ್ನು ಕಾಗದದಲ್ಲಿ ಮಾಡಿ 2017ರಲ್ಲಿ ಪ್ರಕಟಿಸಿದರು. ತೂಕ ಎರಡು ಗ್ರಾಂ, ವೇಗ ನಿಮಿಷಕ್ಕೆ 1,25,000 ಸುತ್ತಿನವರೆಗೆ. ಒಂದೂವರೆ ನಿಮಿಷದಲ್ಲಿ ರಕ್ತಕಣ ಕೆಳಗೆ, ತಿಳಿ ದ್ರವ ಮೇಲೆ. ಅದೇ ತಂಡದ ಕಾಗದದ ಸೂಕ್ಷ್ಮದರ್ಶಕ ಫೋಲ್ಡ್‌ಸ್ಕೋಪ್ ಹೆಚ್ಚಾಗಿ ನೆಲೆ ಕಂಡದ್ದು ಶಾಲೆಗಳಲ್ಲಿ. ಜಾಣ ಉಪಾಯಕ್ಕೂ ದಿನನಿತ್ಯದ ಚಿಕಿತ್ಸೆಗೂ ನಡುವೆ ಟೆಂಡರು, ಗುಣಮಟ್ಟದ ತಪಾಸಣೆ, ತರಬೇತಿ, ದಾಸ್ತಾನು ಎಂಬ ಉದ್ದದ ದಾರಿಯಿದೆ. ಪತ್ರಿಕೆಗಳು ಆ ದಾರಿಯ ಮೊದಲ ಮೈಲಿಗಲ್ಲಿನ ಚಿತ್ರವನ್ನೇ ಹಾಕುತ್ತವೆ.

ಒಳ್ಳೆಯ ಪರೀಕ್ಷೆಗೆ ವಿಶ್ವ ಆರೋಗ್ಯ ಸಂಸ್ಥೆಯ ಆಸರೆಯಲ್ಲಿ ರೂಪುಗೊಂಡ ಒಂದು ಅಳತೆಗೋಲಿದೆ: ಕೈಗೆಟುಕುವ ಬೆಲೆ, ರೋಗವನ್ನು ಬಿಡದೆ ಹಿಡಿಯುವುದು, ತಪ್ಪಾಗಿ ಹಿಡಿಯದಿರುವುದು, ಬಳಸಲು ಸುಲಭ, ವೇಗ ಮತ್ತು ಗಟ್ಟಿತನ, ಬೇರೆ ಉಪಕರಣದ ಹಂಗಿಲ್ಲದಿರುವುದು, ಬೇಕಾದವರಿಗೆ ತಲುಪುವುದು. ವಿಜ್ಞಾನಿಗಳ ಬೆವರೆಲ್ಲ ಮೊದಲಿನವುಗಳಿಗೆ ಹರಿಯುತ್ತದೆ, ಸೋಲು ಹೆಚ್ಚಾಗಿ ಕೊನೆಯದರಲ್ಲಿ. ಬಹುತೇಕ ಪಟ್ಟಿಗಳನ್ನು 30 ಅಥವಾ 40 ಡಿಗ್ರಿಯೊಳಗೆ ಇಡಬೇಕು. ಏಪ್ರಿಲ್‌ನಲ್ಲಿ ರಾಯಚೂರಿನ ತಗಡಿನ ಮಾಡಿನ ಕೆಳಗೆ ಅಥವಾ ಬಿಸಿಲಿಗೆ ನಿಂತ ಜೀಪಿನೊಳಗೆ ಆ ಮಿತಿ ಬೆಳಿಗ್ಗೆ ಹತ್ತಕ್ಕೇ ದಾಟಿರುತ್ತದೆ. ಪ್ರತಿಕಾಯವೂ ಪ್ರೋಟೀನೇ, ಬಿಸಿಗೆ ಮೊಟ್ಟೆಯ ಬಿಳಿ ಭಾಗಕ್ಕೆ ಆಗುವುದೇ ಅದಕ್ಕೂ ನಿಧಾನವಾಗಿ ಆಗುತ್ತದೆ. ಪೊಟ್ಟಣದ ಮೇಲೆ ದಿನಾಂಕ ಬಾಕಿ ಇದ್ದರೂ ಒಳಗಿನದು ಸೋತಿರಬಹುದು.

ಮಂಗಳೂರಿನ ಶೆಡ್ಡಿಗೆ ಮರಳುತ್ತೇನೆ. ಹುಡುಗನಿಗೆ ಮೊದಲ ದಿನದ ಕ್ಲೋರೋಕ್ವಿನ್ ಅನ್ನು ಕಾರ್ಯಕರ್ತೆ ಅಲ್ಲೇ, ತಮ್ಮ ಕಣ್ಣೆದುರೇ ನುಂಗಿಸಿದರು. ಪ್ರೈಮಾಕ್ವಿನ್ ಕೊಡುವ ಮುನ್ನ ಮನೆಯಲ್ಲಿ ಯಾರಿಗಾದರೂ ಮಾತ್ರೆ ತಿಂದು ಮೂತ್ರ ಕಪ್ಪಾದದ್ದುಂಟೇ ಎಂದು ಕೇಳಿದರು. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇದ್ದವರಲ್ಲಿ ಆ ಮಾತ್ರೆ ರಕ್ತಕಣಗಳನ್ನು ಒಡೆಯುತ್ತದೆ. ಅದಕ್ಕೂ ಪರೀಕ್ಷೆಯಿದೆ, ಆದರೆ ಅವರ ಚೀಲದಲ್ಲಿರಲಿಲ್ಲ. ಸೂಜಿಯನ್ನು ಚೂಪು ವಸ್ತುಗಳ ಡಬ್ಬಿಗೆ ಹಾಕಿ ಎರಡನೆಯವನನ್ನು ಕರೆದರು. ಅವನಿಗೆ ನಾಲ್ಕು ದಿನದ ಜ್ವರ, ಮೀನಖಂಡದಲ್ಲಿ ನೋವು, ಕಣ್ಣು ಕೆಂಪು. ಪಟ್ಟಿಯಲ್ಲಿ ನಿಯಂತ್ರಣ ಗೆರೆ ಬಿಟ್ಟರೆ ಬೇರೇನೂ ಬರಲಿಲ್ಲ.

"ಮಲೇರಿಯಾ ಇಲ್ಲ" ಎಂದರು. ಅವನ ಮುಖದಲ್ಲಿ ಗೆಲುವೇನೂ ಕಾಣಲಿಲ್ಲ. "ಮತ್ತೆ ಏನಿದೆ?" ಎಂದು ಕೇಳಿದ. ಮಲೇರಿಯಾ ಪಟ್ಟಿ ಬಂದ ದೇಶಗಳಲ್ಲಿ ಈ ಪ್ರಶ್ನೆಗೆ ಸಿಕ್ಕ ಉತ್ತರ ಹಲವೆಡೆ ಒಂದೇ: ಮಲೇರಿಯಾ ಮಾತ್ರೆ ಕಡಿಮೆಯಾಯಿತು, ಅದರ ಜಾಗದಲ್ಲಿ ಆ್ಯಂಟಿಬಯೋಟಿಕ್ ಹೆಚ್ಚಾಯಿತು. ಈ ಕಾರ್ಯಕರ್ತೆ ಮಾತ್ರೆ ಕೊಡಲಿಲ್ಲ. ಕರಾವಳಿಯ ಮಳೆಗಾಲದಲ್ಲಿ ಆ ಲಕ್ಷಣಗಳಿಗೆ ಇಲಿ ಜ್ವರ ಎಂದು ಅನುಮಾನಿಸಬೇಕು ಎನ್ನುವುದು ಅವರಿಗೆ ಗೊತ್ತಿತ್ತು. ಚೀಟಿ ಬರೆದು ಮೇಸ್ತ್ರಿಯ ಕೈಗಿಟ್ಟು, "ಇವತ್ತೇ ವೆನ್ಲಾಕ್ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಸಂಜೆಗೆ ಅಂತ ಬಿಡಬೇಡಿ" ಎಂದರು. ಮೇಸ್ತ್ರಿ ಚೀಟಿಯನ್ನು ಜೇಬಿಗೆ ತುರುಕಿ ಮೇಲೆ ನೋಡಿದ. ಐದನೆಯ ಮಹಡಿಯಲ್ಲಿ ಕಾಂಕ್ರೀಟು ಸುರಿಯುವ ಕೆಲಸ ಶುರುವಾಗಿತ್ತು. ಕಾರ್ಯಕರ್ತೆ ಏನೂ ಹೇಳದೆ ತಮ್ಮ ಮೊಬೈಲಿನಿಂದ ಆಟೋಗೆ ಕರೆ ಮಾಡಿದರು.